ಬಿಡುವುದಿದ್ದರೆ ಹಿಡಿಯುವುದೇಕೆ?

ಮೇ ತಿಂಗಳ ಕೊನೆಯ ವಾರದಲ್ಲಿ ಖಾನಾಪುರದ ಹವೆ ಹೇಗಿರುತ್ತದೆಂದು ಆ ಭಾಗದವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಉರಿಬಿಸಿಲು, ಮಧ್ಯಾಹ್ನದ ನಮಾಝಿನ ಹೊತ್ತಿಗೆ ಪಶ್ಚಿಮದ ಕಾಡಿನ ಮೇಲೆ ಕಪ್ಪುಮೋಡ, ಸಂಜೆಗೆ ಗುಡುಗು, ಗಾಳಿ, ಅರ್ಧ ಗಂಟೆಯ ಅಡ್ಡಮಳೆ. ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆ ಅಂತಹ ದಿನಗಳಲ್ಲಿ ಇಂದು ತಿಳಿಯಾಗಿದ್ದರೆ ನಾಳೆ ಕೆಂಪಗಿರುತ್ತದೆ. ಅಂತಹ ಒಂದು ದಿನ ಬೆಳಗಾವಿಯಿಂದ ನಾವು ನಾಲ್ಕು ಮಂದಿ ಆ ಹೊಳೆಯ ದಂಡೆಗೆ ಹೋಗಿದ್ದೆವು. ನಮ್ಮಲ್ಲೊಬ್ಬ ತರುಣ ವಿದೇಶದಿಂದ ರಜೆಗೆ ಬಂದವನು. ಅವನ ಬಳಿ ತೂಕವೇ ಇಲ್ಲದ ಒಂದು ಗಾಳದ ಕೋಲು, ಹಕ್ಕಿಯ ಗರಿಯನ್ನು ದಾರದಿಂದ ಸುತ್ತಿ ನೊಣದಂತೆ ಮಾಡಿದ ಪುಟ್ಟ ಕೊಕ್ಕೆಗಳು. ಅಲ್ಲಿ ಮಾರ್ಗದರ್ಶಕನಿಗೆ ಹಣ ಕೊಟ್ಟು ಟ್ರೌಟ್ ಮೀನು ಹಿಡಿಯುವುದು, ಫೋಟೋ ತೆಗೆದು ಮತ್ತೆ ನೀರಿಗೆ ಬಿಡುವುದು ರೂಢಿಯಂತೆ. ಇಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? ಅದು ತಣ್ಣೀರಿನ ಮೀನು. ಬ್ರಿಟಿಷರು ಕಾಶ್ಮೀರಕ್ಕೂ ನೀಲಗಿರಿಗೂ ತಂದು ಬಿಟ್ಟದ್ದು ಅಲ್ಲಿನ ಚಳಿಯಲ್ಲಿ ಉಳಿದುಕೊಂಡಿತು. ನಮ್ಮ ಹೊಳೆಗಳಲ್ಲಿ ಸಿಗುವುದು ಗೆಂಡೆ.

ಮಡುಗಳನ್ನು ತೋರಿಸಲು ಒಬ್ಬ ಮುದುಕರು ಬಂದಿದ್ದರು. ಹಿಡಿದದ್ದನ್ನು ಬಿಟ್ಟುಬಿಡುತ್ತೇವೆಂದು ತರುಣ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಅವನನ್ನೇ ನೋಡಿದರು. "ಬಿಡೂದಿದ್ರ ಹಿಡಿಯೂದ್ಯಾಕ್ರೀ ಸಾಹೇಬ್ರ?" ಎಂದರು. ಇವನೂ ಸುಮ್ಮನಿರಲಿಲ್ಲ. "ಕಾಕಾ, ನೀವು ಕೊಲ್ತೀರಿ, ನಾವು ಕೊಲ್ಲೋದಿಲ್ಲ" ಎಂದ. ಇಬ್ಬರೂ ನಕ್ಕರು.

ಆದರೆ ಆ ಮಾತು ನಗುವಿನಲ್ಲಿ ಮುಗಿಯುವಂಥದ್ದಲ್ಲ. ಹೊಟ್ಟೆಗಾಗಿ ಕೊಲ್ಲುವವನು, ಸಂತೋಷಕ್ಕಾಗಿ ನೋಯಿಸಿ ಬಿಡುವವನು - ಇವರಿಬ್ಬರಲ್ಲಿ ಜೀವದ ಬಗ್ಗೆ ಹೆಚ್ಚು ಗೌರವವಿರುವುದು ಯಾರಿಗೆ?

ಮೀನಿಗೆ ನೋವೇ ಇಲ್ಲ, ಅದು ತಣ್ಣನೆಯ ರಕ್ತದ ಪ್ರಾಣಿ ಎಂಬ ಮಾತು ಗಾಳ ಹಿಡಿದವರಲ್ಲಿ ಬಹಳ ಕಾಲದಿಂದ ಇದೆ. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಇದೇ ಟ್ರೌಟ್ ಮೀನಿನ ತುಟಿಯಲ್ಲಿ ನೋವು ಗ್ರಹಿಸುವ ನರತುದಿಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ಆಹಾರ ಬಿಟ್ಟವು, ತೊಟ್ಟಿಯ ತಳದ ಕಲ್ಲುಗಳಿಗೆ ತುಟಿ ಉಜ್ಜಿದವು. ಮೀನಿನ ನೋವು ನಮ್ಮ ನೋವಿನಂತೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಏನೂ ಇಲ್ಲವೆಂದು ಹೇಳುವ ಧೈರ್ಯ ಈಗ ಯಾರಿಗೂ ಇರಬಾರದು.

ಇಸ್ಲಾಮಿನಲ್ಲಿ ನೀರಿನ ಬೇಟೆ ಧರ್ಮಸಮ್ಮತ. ಹಜ್ಜಿನ ಇಹ್ರಾಮ್‌ನಲ್ಲಿರುವವನಿಗೆ ನೆಲದ ಬೇಟೆ ನಿಷಿದ್ಧವಾದರೂ ನೀರಿನದಕ್ಕೆ ಅಡ್ಡಿಯಿಲ್ಲ. ಮೀನನ್ನು ಝಬಹ್ ಮಾಡಬೇಕೆಂಬ ನಿಯಮವೂ ಇಲ್ಲ. ಇಷ್ಟೊಂದು ಸಲೀಸು ಮಾಡಿಟ್ಟಿರುವುದು ಆಹಾರಕ್ಕಾಗಿ. ಆಟದ ಮಾತು ಬಂದಾಗ ಧ್ವನಿ ಬದಲಾಗುತ್ತದೆ. ಜೀವವಿರುವ ಯಾವುದನ್ನೂ ಗುರಿಯಾಗಿಟ್ಟು ಹೊಡೆಯುವುದನ್ನು ಪ್ರವಾದಿ ಮುಹಮ್ಮದ್(ಸ) ತಡೆದರು. ಹಕ್ಕಿಯೊಂದನ್ನು ಕಟ್ಟಿಹಾಕಿ ಬಾಣದಾಟ ಆಡುತ್ತಿದ್ದ ಕುರೈಶ್ ಯುವಕರು ಇಬ್ನು ಉಮರ್(ರ) ಬರುವುದನ್ನು ಕಂಡು ಚದುರಿ ಓಡಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಓಡಿದರೆಂದರೆ ಅವರಿಗೂ ತಪ್ಪೆಂದು ಗೊತ್ತಿತ್ತು.

ಹಾಗಾದರೆ ಮುದುಕರ ಪಕ್ಷ ಗೆದ್ದಂತೆಯೇ? ಕಾವೇರಿಯ ಕಥೆ ನೋಡಿದರೆ ಅಷ್ಟು ಸುಲಭವಿಲ್ಲ.

ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ ಸುಮಾರು 54 ಕಿಲೋ, ಒಬ್ಬ ಸಣ್ಣ ಮೈಕಟ್ಟಿನ ಮನುಷ್ಯನ ತೂಕ. ಮುಂದೆ ಸಿಡಿಮದ್ದು ಎಸೆದು ಮೀನು ಹಿಡಿಯುವವರು ಹೆಚ್ಚಾದಾಗ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹಿಡಿದು ಬಿಡುವ ಶಿಬಿರಗಳು ನಡೆದವು. ಒಂದು ಕಾಲಕ್ಕೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಅಲ್ಲಿ ಮಾರ್ಗದರ್ಶಕರಾದರು. ಹೊಳೆಯ ಪ್ರತಿ ಬಂಡೆ ಗೊತ್ತಿದ್ದ ಅವರಿಗೆ ಈಗ ಜೀವಂತ ಮೀನಿನಿಂದ ಸಂಬಳ, ಹಾಗಾಗಿ ಕಾವಲೂ ಅವರದೇ. ವನ್ಯಜೀವಿ ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯೇ. ಆದ್ದರಿಂದ 2010ರ ದಶಕದ ಆರಂಭದಲ್ಲಿ ಅಭಯಾರಣ್ಯದೊಳಗೆ ಈ ಆಟ ನಿಂತಿತು. ನ್ಯಾಯವಾಗಿ ಅದು ಸರಿ. ಆದರೆ ಆಟದ ಜೊತೆ ಹೊಳೆಯ ಮೇಲಿದ್ದ ಎಷ್ಟೋ ಕಣ್ಣುಗಳೂ ಹೋದವು.

ಇನ್ನೂ ಒಂದು ತೊಡಕಿದೆ. ಮೀನು ಹೆಚ್ಚಲೆಂಬ ಸದುದ್ದೇಶದಿಂದಲೇ ಲೋನಾವಳದಲ್ಲಿ ಮರಿ ಮಾಡಿಸಿದ ಬೇರೊಂದು ಮಹಶೀರನ್ನು ಕಾವೇರಿಗೆ ಬಿಡಲಾಗಿತ್ತು. ಅದು ನಮ್ಮ ಕಡೆಯದು, ಕೃಷ್ಣಾ ಕೊಳ್ಳದ್ದು. ಶಿಬಿರದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಹೊರಗಿನ ಮೀನು ಹೆಚ್ಚಿ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಬಹುಪಾಲು ಕಾಣೆಯಾದದ್ದು ತಿಳಿಯಿತು. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ದಯೆಯಿಂದ ಮಾಡಿದ್ದು ಹೀಗಾಯಿತು. ಅದು ಗೊತ್ತಾದದ್ದು ಮಾತ್ರ ಆಟಗಾರರ ದಿನಚರಿಯಿಂದ. ನಿಯ್ಯತ್ ಒಳ್ಳೆಯದಿದ್ದರೆ ಸಾಕೆಂದು ನಂಬುವ ನಮ್ಮಂಥವರು ಇದನ್ನು ಎರಡು ಸಲ ಓದಬೇಕು.

ಖಾನಾಪುರಕ್ಕೆ ಮರಳೋಣ. ಮೋಡ ಕವಿದು ಮತ್ತೆ ಬಿಸಿಲು ಬಂತು. ನೀರು ಕಾಲಿಗೆ ಬೆಚ್ಚಗಿತ್ತು. ಒಂದು ಗೇಣುದ್ದದ ಗೆಂಡೆ ಸಿಕ್ಕಿತು. ತರುಣ ಕೈ ಒದ್ದೆ ಮಾಡಿಕೊಂಡು ಬಹಳ ಜತನದಿಂದ ಕೊಕ್ಕೆ ಬಿಡಿಸಿದ, ಫೋಟೋ ಆಯಿತು, ನೀರಿಗೆ ಬಿಟ್ಟ. ಸ್ವಲ್ಪ ಹೊತ್ತಿಗೆ ಕೆಳಗಿನ ಬಂಡೆಯ ಬಳಿ ಅದು ಹೊಟ್ಟೆ ಮೇಲಾಗಿ ತೇಲಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ; ಜಗ್ಗಾಡಿ ದಣಿದ ಮೀನಿಗೆ ಉಸಿರು ಸಾಲದು. ಟ್ರೌಟ್ ಹೊಳೆಗಳಲ್ಲಿ ನೀರು 20 ಡಿಗ್ರಿಯ ಸುಮಾರಿಗೆ ಬಂದರೆ ಒಳ್ಳೆಯ ಮಾರ್ಗದರ್ಶಕ ಗಿರಾಕಿಯನ್ನು ಹಿಂದಕ್ಕೆ ಕಳಿಸುತ್ತಾನಂತೆ, ಅಂದಿನ ಸಂಪಾದನೆ ಹೋದರೂ ಸರಿ. ಇದನ್ನು ಹೇಳಿದವನು ತರುಣನೇ. ಗೊತ್ತಿದ್ದೂ ಮರೆತಿದ್ದ. ನೆನಪಿಸಬೇಕಾದ ನಾವು ಕ್ಯಾಮೆರಾ ಹಿಡಿದಿದ್ದೆವು.

ಮುದುಕರು ಆ ಮೀನನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು. ತಾನಾಗಿ ಸತ್ತು ತೇಲಿದ ಮೀನನ್ನು ಹನಫೀ ವಿದ್ವಾಂಸರು ತಿನ್ನಬಾರದೆನ್ನುತ್ತಾರೆ. ಹೊರಗಿನ ಕಾರಣದಿಂದ ಸತ್ತದ್ದಾದರೆ ಅಡ್ಡಿಯಿಲ್ಲ. ಇಲ್ಲಿ ಆ ಕಾರಣ ನಾವೇ. ಅವರು ಎತ್ತಿಕೊಳ್ಳದಿದ್ದರೆ ಆ ಜೀವ ಯಾರಿಗೂ ಅನ್ನವಾಗದೆ, ತಾನೂ ಬದುಕದೆ ನಮ್ಮ ಒಂದು ಫೋಟೋಕ್ಕಾಗಿ ಹೋಗುತ್ತಿತ್ತು.

ಹೊರಡುವಾಗ ಅವರು ಸಮಾಧಾನ ಹೇಳುವಂತೆ, "ಮಿರಗದ ಮಳಿ ಬೀಳ್ಲಿ, ಆಗ ಬರ್ರಿ. ಗಾಳ ಬ್ಯಾಡ, ಏನೂ ಬ್ಯಾಡ. ಮೀನ ತಾವ ಹತ್ತಿ ಬರ್ತಾವ" ಎಂದರು. ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ಹಳ್ಳಗಳಿಗೆ, ಭತ್ತದ ಗದ್ದೆಗಳಿಗೆ ಏರುತ್ತದೆ. ಮೊಣಕಾಲುದ್ದದ ನೀರು, ಹೊಟ್ಟೆ ತುಂಬ ತತ್ತಿಯಿರುವ ಮೀನು. ಹಳೆಯ ಸೊಳ್ಳೆಪರದೆ, ಬಿದಿರಿನ ಬುಟ್ಟಿ, ಬರಿಗೈ ಯಾವುದಾದರೂ ಸಾಕು.

ಆಗ ನಮಗೆ ಕುರ್‌ಆನಿನ ಸಬ್ಬತ್‌ನವರು ನೆನಪಾದರು. ಕಡಲತೀರದ ಆ ಊರಿನವರಿಗೆ ಶನಿವಾರ ಮೀನು ಹಿಡಿಯಬಾರದೆಂಬ ಆಜ್ಞೆಯಿತ್ತು. ಅದೇ ದಿನ ಮೀನುಗಳು ಕಣ್ಣೆದುರೇ ಮೇಲೆದ್ದು ಬರುತ್ತಿದ್ದವು, ಉಳಿದ ದಿನ ಸುಳಿವಿಲ್ಲ. ಹಿಂದಿನ ದಿನವೇ ಬಲೆ ಹಾಕಿಟ್ಟು ಮರುದಿನ ಎತ್ತಿಕೊಂಡರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಇಹ್ರಾಮ್‌ನಲ್ಲಿರುವ ವಿಶ್ವಾಸಿಗಳನ್ನು ಕೈಗೂ ಭರ್ಜಿಗೂ ಎಟುಕುವ ಬೇಟೆಯಿಂದ ಪರೀಕ್ಷಿಸಲಾಗುವುದೆಂದು ಮಾಇದಾ ಅಧ್ಯಾಯದಲ್ಲಿದೆ. ಎರಡರಲ್ಲೂ ಪರೀಕ್ಷೆಯಿರುವುದು ಸುಲಭವಾಗಿ ಸಿಗುವುದರಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ದುಡಿಮೆ ನಿಲ್ಲಿಸಿ ಕೂರುವವರಲ್ಲಿ ಮುಸ್ಲಿಂ ಮೀನುಗಾರರೂ ಇದ್ದಾರೆ. ಶೃಂಗೇರಿ, ಶಿಶಿಲದಲ್ಲಿ ದೇವರ ಹೆಸರಿನಲ್ಲಿ ಮೀನು ವರ್ಷವಿಡೀ ಸುರಕ್ಷಿತ. ಖಾನಾಪುರದ ಗದ್ದೆಬದುವಿನಲ್ಲಿ ಮೀನಿಗೆ ಶನಿವಾರವೇ ಇಲ್ಲ.

ಇದನ್ನು ಆ ಮುದುಕರಿಗೆ ಹೇಳಲು ನಮಗೆ ಬಾಯಿ ಬರಲಿಲ್ಲ. ವರ್ಷಕ್ಕೆ ನಾಲ್ಕು ದಿನ ಪುಕ್ಕಟೆ ಸಾರು ಕಾಣುವ ಮನೆಗೆ, ಮೀನು ಬಿಟ್ಟು ಫೋಟೋ ಒಯ್ದವರು ಯಾವ ಮುಖದಿಂದ ಉಪದೇಶ ಮಾಡುವುದು? ಅಲ್ಲದೆ ತತ್ತಿಯ ಮೀನಿಗೆ ಬೆಲೆ ಕಟ್ಟುವವರು ಹಳ್ಳಿಯವರಲ್ಲ. ಜೂನ್ ಬಂದರೆ "ಅಂಡೇವಾಲಿ ಮಛಲಿ ಬಂದಿದೆಯೇ?" ಎಂದು ಕೇಳುವವರು ಪೇಟೆಯ ನಾವು, ಕರಿದ ತತ್ತಿಯ ರುಚಿಯನ್ನು ಮನೆಮಂದಿಯೆಲ್ಲ ಹೊಗಳಿ ತಿಂದವರೂ ನಾವೇ.

ಜೂನ್ ಎರಡನೇ ವಾರ ಬೆಳಗಾವಿಯ ಮೀನು ಮಾರುಕಟ್ಟೆಯಲ್ಲಿ ಹೊಳೆಯ ಗೆಂಡೆ ಬಂದಿತ್ತು. ವ್ಯಾಪಾರಿ ನಮ್ಮ ಗುರುತು ಹಿಡಿದು, ಹೊಟ್ಟೆ ಉಬ್ಬಿದ ಎರಡು ಮೀನು ಬೇರೆ ಎತ್ತಿಟ್ಟಿದ್ದನ್ನು ತೋರಿಸಿದ. ಬೇಡವೆಂದೆವು. ಕಾರಣ ಕೇಳಿದ, ಹೇಳಿದೆವು. ಅವನು ಪೂರ್ತಿ ಕೇಳಿಸಿಕೊಂಡು, "ಖರೆ ಐತಿ ಚಾಚಾ" ಎಂದು, ಹಿಂದೆ ನಿಂತಿದ್ದ ಗಿರಾಕಿಗೆ ಅವೆರಡನ್ನೂ ತೂಗಿ ಕೊಟ್ಟ.