ಕಬ್ಬಿನ ಹೊಲದ ಕೂಸು: ದಾನವೋ ದಾಸೋಹವೋ?

ದೀಪಾವಳಿಯ ಆಸುಪಾಸಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಕಾರ್ಯ ಮೊದಲಾಗುವುದು. ಆಗ ಮಹಾರಾಷ್ಟ್ರದ ಬೀಡ ಪ್ರಾಂತದಿಂದಲೂ ವಿಜಯಪುರ ಜಿಲ್ಲೆಯ ತಾಂಡೆಗಳಿಂದಲೂ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಹೊಲದಂಚಿನಲ್ಲಿ ಗುಡಿಸಲು ಹೂಡುವವು. ಮುಕಾದಮನಿಂದ ಪಡೆದ ಮುಂಗಡವನ್ನು ಸತಿಪತಿಗಳಿಬ್ಬರೂ ದುಡಿದು ತೀರಿಸಬೇಕಾಗಿರುವುದರಿಂದ ಮಕ್ಕಳೂ ಸಂಗಡ ಬರುವರು. ಜೂನ್ ತಿಂಗಳಲ್ಲಿ ತಮ್ಮೂರ ಶಾಲೆಯಲ್ಲಿ ಹೆಸರು ಹಚ್ಚಿದ ಹುಡುಗಿಯು ಕಾರ್ತಿಕದಲ್ಲಿ ಘಟಪ್ರಭೆಯ ದಂಡೆಯ ಮೇಲೆ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಗುಡಿಸಲು ಕಾಯುತ್ತ ಕೂಡುವಳು. ಅಲ್ಲಿಯ ಹಾಜರಿಯಲ್ಲಿ ಅವಳು ಗೈರು. ಇಲ್ಲಿಯ ಹಾಜರಿಯಲ್ಲಿ ಅವಳ ಹೆಸರೇ ಇಲ್ಲ.

ಸದ್ಗೃಹಸ್ಥರು ನಿರ್ದಯರಲ್ಲ. ಹಬ್ಬದಂದು ಹೋಳಿಗೆಯನ್ನೂ ಚಳಿಗೆ ಹಳೆಯ ಕಂಬಳಿಯನ್ನೂ ಗುಡಿಸಲಿಗೆ ಕಳುಹುವರು. ಆದರೆ ಇದು ದಾನವಾಯಿತೇ ಹೊರತು ದಾಸೋಹವಾಗಲಿಲ್ಲ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಟ್ಟೆನೆಂಬ ಭಾವಕ್ಕೇ ಎಡೆಯಿಲ್ಲ. ಶಾಲೆಯ ಮಣೆಯಾದರೂ ಯಾರ ಸೊತ್ತು? 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ 2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ವಯಸ್ಸಿಗೆ ತಕ್ಕ ತರಗತಿಯಲ್ಲಿ ಸ್ಥಾನವನ್ನು ಹಕ್ಕಾಗಿ ಕೊಟ್ಟಿದೆ. ವರ್ಗಾವಣೆ ಪತ್ರ ತಡವಾಯಿತೆಂದು ತಿರುಗಿ ಕಳುಹುವಂತಿಲ್ಲ. ಅವಳದನ್ನು ಅವಳಿಗೆ ಒಪ್ಪಿಸುವುದರಲ್ಲಿ ಔದಾರ್ಯವೆಲ್ಲಿಯದು?

ಕಾಯಕವು ಹಿರಿದಲ್ಲವೆ, ಮಗುವೂ ದುಡಿಯುತ್ತ ಕಲಿಯಲಿ ಎಂದು ಆಕ್ಷೇಪಿಸುವವರುಂಟು. ಇದು ಶರಣರ ಮಾತನ್ನು ತಮ್ಮ ಅನುಕೂಲಕ್ಕೆ ಬಗ್ಗಿಸುವ ಬಗೆ. ತಿಳಿದು, ಒಪ್ಪಿ, ಮನಸಾರೆ ಕೈಕೊಂಡುದು ಕಾಯಕ. ಹೆತ್ತವರ ಮುಂಗಡಕ್ಕೆ ಒತ್ತೆಬಿದ್ದ ಎಂಟು ವರ್ಷದ ಕೂಸಿನ ದುಡಿಮೆಗೆ ಆ ಹೆಸರು ಸಲ್ಲದು. ಅಲೆಯುವವರೆಲ್ಲ ಜಂಗಮರೆಂದರೆ ಶಬ್ದವನ್ನು ಎಳೆದಾಡಿದಂತಾದೀತು, ನಿಜ. ಆದರೆ ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದ ಪರಂಪರೆಯವರೇ, ಊರು ಬಿಟ್ಟು ಊರಿಗೆ ಬಂದಿತೆಂಬ ಕಾರಣಕ್ಕೆ ಮಗುವಿನ ಹೆಸರು ಅಳಿಸಿಹೋಗುವುದನ್ನು ಸುಮ್ಮನೆ ನೋಡುತ್ತಿರುವುದು ವಿಚಿತ್ರವೇ ಸರಿ.

ಗ್ಯಾಂಗು ಇಳಿದ ವಾರದಲ್ಲಿಯೇ ಹೊಲದ ಒಡೆಯನು ಮುಖ್ಯಾಧ್ಯಾಪಕರನ್ನು ಗುಡಿಸಲಿಗೆ ಕರೆದೊಯ್ಯಬಹುದು. ಕಂಕುಳ ಕೂಸಿಗೆ ಅಂಗನವಾಡಿಯಲ್ಲಿ ಜಾಗ ದೊರೆಯದ ಹೊರತು ಅಕ್ಕನು ಶಾಲೆಯ ಮೆಟ್ಟಿಲು ಏರಲಾರಳು. ಏರಿದ ಮೇಲೂ ಅವಳು ಮೌನಿ. ಮನೆಯ ಮಾತು ಲಂಬಾಣಿಯೋ ಮರಾಠಿಯೋ, ಪಾಠ ಕನ್ನಡ. ಆ ಮೌನವನ್ನು ದಡ್ಡತನವೆಂದು ಬಗೆಯದೆ, ನೀರಿಗೆ, ರೊಟ್ಟಿಗೆ, ಅವ್ವನಿಗೆ ಅವಳ ಮಾತಿನಲ್ಲಿ ಏನೆನ್ನುವರೆಂದು ಕೇಳಿ ಹಲಗೆಯ ಮೇಲೆ ಬರೆಯುವ ಗುರುವಿನ ಮುಂದೆ ಅವಳು ಬೇಗ ಬಾಯಿ ಬಿಡುವಳು. ಫಾಲ್ಗುಣದ ಹೊತ್ತಿಗೆ ಗುಡಿಸಲು ಕಿತ್ತು ಹೊರಡುವಾಗ, ಇಲ್ಲಿ ಹಾಜರಾದ ದಿನಗಳನ್ನೂ ಕಲಿತ ಪಾಠಗಳನ್ನೂ ಬರೆದ ಪತ್ರವೊಂದು ಪಾತ್ರೆ ಪಗಡಗಳ ಗಂಟಿನಲ್ಲಿ ಇದ್ದರೆ, ತಮ್ಮೂರ ಗುರುಗಳು ಅವಳನ್ನು ಹಿಂದಿನ ತರಗತಿಗೆ ತಳ್ಳಲು ಕಾರಣ ಉಳಿಯದು.