ಪರರ ಹೆಸರಿನ ಬೇಡಿಕೆ

ತನಗಾಗಿ ಬೇಡುವವನು ತನ್ನ ಮಾನವನ್ನು ಒತ್ತೆಯಿಡುತ್ತಾನೆ. ಪರರಿಗಾಗಿ ಬೇಡುವವನು ಒತ್ತೆಯಿಡುವುದು ಯಾರ ಮಾನವನ್ನು? ಪರೋಪಕಾರಕ್ಕೆಂದು ಹಣ ಕೂಡಿಸುವವರೆಲ್ಲರೂ ಎದುರಿಸಬೇಕಾದ ಈ ಪ್ರಶ್ನೆಯನ್ನು, ರಜೆಯ ಮೇಲೆ ಸ್ವದೇಶಕ್ಕೆ ಮರಳಿದ ಕ್ರೈಸ್ತ ಮಿಶನರಿಯ ನಿದರ್ಶನದಿಂದ ವಿಚಾರಿಸಬಯಸುತ್ತೇವೆ.

ರಜೆಯೆಂದರೆ ವಿಶ್ರಾಂತಿಯೆಂಬುದು ಲೋಕರೂಢಿ. ಮಿಶನರಿಯ ಪಾಲಿಗೆ ಅದು ಬಹುಮಟ್ಟಿಗೆ ಹಾಗಲ್ಲ. ಕಲ್ಕತ್ತೆಯಲ್ಲಿ ಶಾಲೆ ನಡೆಸುತ್ತಿದ್ದ ಅಲೆಗ್ಸಾಂಡರ್ ಡಫ್ ೧೮೩೪ರಲ್ಲಿ ಕಾಯಿಲೆಯಿಂದ ಬಳಲಿ ಸ್ಕಾಟ್ಲೆಂಡಿಗೆ ಹೊರಟರು. ಮರುವರ್ಷವೇ ಅಲ್ಲಿಯ ಚರ್ಚಿನ ಮಹಾಸಭೆಯ ಮುಂದೆ ನಿಂತು ದೀರ್ಘವಾಗಿ ಮಾತನಾಡಿದರು. ಬಳಿಕ ಊರೂರು ಸುತ್ತಿ ಬೆಂಬಲ ಗಳಿಸಿದರು. ಇಂದಿಗೂ ಅನೇಕ ಪ್ರಾಟೆಸ್ಟಂಟ್ ಸಂಘಗಳಲ್ಲಿ ಮಿಶನರಿಯು ತನ್ನ ಜೀವನಕ್ಕೂ ಕಾರ್ಯಕ್ಕೂ ಬೇಕಾದ ಹಣದ ವಾಗ್ದಾನಗಳನ್ನು ತಾನೇ ದೊರಕಿಸಿಕೊಳ್ಳಬೇಕು. ಅವು ಸಾಲದಾದರೆ ಮರಳುವುದೇ ತಡವಾದೀತು. ಹೀಗೆ ವೇದಿಕೆಯೇರಿದವನನ್ನು ಎರಡು ಮೋಹಗಳು ಕಾಡುತ್ತವೆ: ದೂರದ ಜನರ ದೈನ್ಯವನ್ನು ಹಿಗ್ಗಿಸಿ ಬಣ್ಣಿಸುವುದು ಒಂದು, ತನ್ನ ಕಾರ್ಯದ ಫಲವನ್ನು ಹಿಗ್ಗಿಸಿ ಬಣ್ಣಿಸುವುದು ಇನ್ನೊಂದು. ಕೇಳುವವರು ಹೋಗಿ ನೋಡಲಾರರು. ಬಣ್ಣನೆಗೆ ಒಳಗಾದವರು ಬಂದು ಅಲ್ಲಗಳೆಯಲಾರರು.

ಈ ವಿಚಾರ ಕನ್ನಡಿಗರಿಗೆ ದೂರದ್ದಲ್ಲ. ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ೧೮೩೪ರಲ್ಲಿ ಮಂಗಳೂರಿಗೆ ಬಂದಿತು. ೧೮೪೩ರ ‘ಮಂಗಳೂರ ಸಮಾಚಾರ’ವನ್ನು ನಡೆಸಿದ ಮೋಗ್ಲಿಂಗರೂ ೧೮೯೪ರ ಮಹಾನಿಘಂಟನ್ನು ರಚಿಸಿದ ಕಿಟ್ಟೆಲರೂ ಆ ಮಿಶನಿನವರೇ. ಅದನ್ನು ಪೋಷಿಸಿದ ಹಣದಲ್ಲಿ ‘ಅರ್ಧ ಬಾಟ್ಸೆನ್’ ವಂತಿಗೆಯೂ ಸೇರಿತ್ತು. ಸಾಮಾನ್ಯ ಮನೆಗಳವರು ವಾರವಾರವೂ ಕೊಡುತ್ತಿದ್ದ ಚಿಲ್ಲರೆ ಕಾಸು ಅದು. ಆ ಕಾಣದ ಕೈಗಳಿಗೆ ನಾವು ಋಣಿಗಳೇ ಸರಿ.

ಆದರೆ ಅದೇ ಜರ್ಮನ್ ನುಡಿಯ ನಾಡುಗಳಲ್ಲಿ ಇನ್ನೊಂದು ವಸ್ತುವೂ ಬಳಕೆಯಲ್ಲಿತ್ತು. ಮಿಶನ್ನಿನ ಕಾಣಿಕೆ ಡಬ್ಬಿಯ ಮೇಲೆ ಮಂಡಿಯೂರಿದ ಕಪ್ಪು ಬಾಲಕನ ಗೊಂಬೆ. ಕಾಸು ಒಳಗೆ ಬಿದ್ದೊಡನೆ ಅದು ತಲೆಯಾಡಿಸಿ ವಂದಿಸುತ್ತಿತ್ತು. ಇಂದು ಅಂಥ ಡಬ್ಬಿಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು. ಅದನ್ನು ಮಕ್ಕಳ ಮುಂದಿಟ್ಟವರು ಕ್ರೂರಿಗಳೆಂದು ನಾವು ಹೇಳೆವು. ಕೊಡುವ ಸಂತೋಷವನ್ನು ಕಲಿಸುವುದೇ ಅವರ ಉದ್ದೇಶವಿದ್ದೀತು. ಆದರೆ ಅದರೊಡನೆ ಮತ್ತೊಂದು ಪಾಠವೂ ಎಳೆಯ ಮನಸ್ಸಿಗಿಳಿಯಿತು: ಪಡೆಯುವವನಿಗೆ ತಲೆಬಾಗುವುದೊಂದೇ ಕೆಲಸ.

“ಮನ ಕರಗದೆ ಕೈ ಸಡಿಲದು, ಹಸಿದವನಿಗೆ ಮೊದಲು ಅನ್ನ, ಆಮೇಲೆ ಮಾನ” ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತನ್ನು ಹಗುರವಾಗಿ ತಳ್ಳಲಾಗದು. ಬೇಡುವುದನ್ನೇ ಬಿಟ್ಟರೆ ತೊಡಕು ತೀರೀತೆ? ೧೮೬೫ರಲ್ಲಿ ಚೀನಾ ಇನ್‌ಲ್ಯಾಂಡ್ ಮಿಶನನ್ನು ಕಟ್ಟಿದ ಹಡ್ಸನ್ ಟೇಲರ್, ಮನುಷ್ಯರಲ್ಲಿ ಹಣ ಯಾಚಿಸಬಾರದೆಂದೂ ಸಭೆಗಳಲ್ಲಿ ಕಾಣಿಕೆ ಎತ್ತಬಾರದೆಂದೂ ನಿಯಮ ಮಾಡಿದರು. ಆದರೂ ೧೮೭೫ರಿಂದ ಆ ಮಿಶನಿನ ಪತ್ರಿಕೆಯು ಚೀನದ ವೃತ್ತಾಂತಗಳನ್ನು ಓದುಗರಿಗೆ ಮುಟ್ಟಿಸುತ್ತಲೇ ಇತ್ತು. ಕೈಯೊಡ್ಡದಿದ್ದರೂ ಕಥೆ ಹೇಳದೆ ನಡೆಯಲಿಲ್ಲ. ಆದುದರಿಂದ ವಿಚಾರಿಸಬೇಕಾದುದು ಬೇಡುವುದನ್ನಲ್ಲ, ಹೇಳುವ ಬಗೆಯನ್ನು.

ಅದಕ್ಕೆ ನಮಗೆ ತೋರುವ ಒರೆಗಲ್ಲು ಒಂದೇ. ಯಾರ ಕಥೆ ಹೇಳುತ್ತಿದೆಯೋ ಅವನು ಸಭೆಯ ಮೊದಲ ಸಾಲಿನಲ್ಲಿ ಕುಳಿತು, ಆ ಭಾಷೆಯನ್ನು ತಿಳಿದು ಕೇಳುತ್ತಿದ್ದಾನೆಂದು ಭಾವಿಸೋಣ. ಆ ಮಾತಿನಲ್ಲಿ ಅವನ ಹಸಿವಿನೊಡನೆ ಅವನ ದುಡಿಮೆ, ಹಾಡು, ಜಾಣ್ಮೆ, ಜಗಳಗಳೂ ಅವನಿಗೆ ಕಂಡಾವೆ? ಅವನೆದುರು ನಾಲಗೆ ತೊದಲುವುದಾದರೆ, ಕೂಡಿದ ಹಣ ಅವನನ್ನು ಮಾರಿ ಬಂದುದೇ ಆಯಿತು. ಸತ್ಯ ಹೇಳಿದರೆ ಹಣ ಕಡಿಮೆ ಬಂದೀತು. ಆ ಕೊರತೆಯನ್ನು ಅನುಭವಿಸುವವನು ಔಷಧಕ್ಕಾಗಿ ಕಾದ ರೋಗಿಯೇ ಆಗಬಹುದು. ಅದಕ್ಕೆ ಹೇಳುವವನೊಬ್ಬನೇ ಹೊಣೆಯಲ್ಲ. ಕಣ್ಣೀರು ಬಂದಲ್ಲದೆ ಚೀಲ ಬಿಚ್ಚದ ದಾನಿಯೇ ಸುಳ್ಳನ್ನು ಬೆಳೆಸುವವನು.

ಗಡಿಯ ಹೊರಗಿನ ಕನ್ನಡಿಗರಾದ ನಮ್ಮನ್ನು ಕುರಿತೂ ದೂರದ ಸಭೆಗಳಲ್ಲಿ ಮರುಕದ ಮಾತುಗಳು ಕೇಳಿಬರುವುದುಂಟು. ನಮ್ಮ ಕಷ್ಟವನ್ನು ಹೇಳಲಿ. ನಾವು ನಡೆಸುತ್ತಿರುವ ಶಾಲೆಗಳನ್ನೂ ಆಟಕೂಟಗಳನ್ನೂ ಮರೆಯದೆ ಹೇಳಲಿ. ನಮಗೆ ನೆರವು ಬೇಕು, ನಿಜ. ಡಬ್ಬಿಯ ಮೇಲಿನ ಗೊಂಬೆಯಾಗಲು ನಾವು ಒಪ್ಪೆವು. ಬೇರೆಯವರನ್ನು ಹಾಗೆ ಕೂರಿಸಲೂ ನಮಗೆ ಹಕ್ಕಿಲ್ಲ.