‘ಕಾನ್ಷಸ್’ ಎಂಬ ಪದ ಮತ್ತು ಅರಿಯದಿರುವುದರ ಹೊಣೆ

ಇಂಗ್ಲಿಷಿನ ‘ಕಾನ್ಷಸ್’ ಎಂಬ ವಿಶೇಷಣವು ಇಂದು ನಮ್ಮ ಮನೆಮಾತಿನಲ್ಲಿಯೂ ಬೆರೆತುಹೋಗಿದೆ. ಶಸ್ತ್ರಚಿಕಿತ್ಸೆಯ ನಂತರ ರೋಗಿ ಕಣ್ತೆರೆದರೆ ಆತ ಕಾನ್ಷಸ್ ಆಗಿದ್ದಾನೆ ಎನ್ನುತ್ತಾರೆ. ವೇದಿಕೆಯೇರಿದ ಹುಡುಗಿ ಜನರನ್ನು ಕಂಡು ಸಂಕೋಚಪಟ್ಟರೆ ಕಾನ್ಷಸ್ ಆಗಿಬಿಟ್ಟಳು ಎನ್ನುತ್ತೇವೆ. ಎಣ್ಣೆ ಸಕ್ಕರೆಗಳನ್ನು ಅಳೆದು ತಿನ್ನುವವರು ‘ಹೆಲ್ತ್ ಕಾನ್ಷಸ್’ ಎನಿಸಿಕೊಳ್ಳುತ್ತಾರೆ. ಬೇಕೆಂದೇ ಕೈಗೊಂಡ ನಿರ್ಧಾರಕ್ಕೂ ಇದೇ ವಿಶೇಷಣ. ಎಚ್ಚರ, ಸಂಕೋಚ, ಕಾಳಜಿ, ಉದ್ದೇಶ ಎಂಬ ನಾಲ್ಕು ಅರ್ಥಗಳನ್ನು ಒಂದೇ ಪದ ಹೊತ್ತಿದೆ. ನಮ್ಮ ‘ಪ್ರಜ್ಞೆ’ಯೂ ಹೀಗೆಯೇ: ಪ್ರಜ್ಞೆ ತಪ್ಪುವುದು, ಸಮಯಪ್ರಜ್ಞೆ, ಪಾಪಪ್ರಜ್ಞೆ, ಪ್ರಜ್ಞಾಪೂರ್ವಕ ಎಂಬ ಪ್ರಯೋಗಗಳೇ ಇದಕ್ಕೆ ಸಾಕ್ಷಿ.

ಆದರೆ ಈ ಪದದ ಮೂಲಾರ್ಥ ಬೇರೆಯೇ ಆಗಿತ್ತು. ಲ್ಯಾಟಿನ್ ಭಾಷೆಯಲ್ಲಿ ಇದು ‘ಕೂಡಿ’ ಮತ್ತು ‘ತಿಳಿ’ ಎಂಬರ್ಥದ ಎರಡು ಅಂಶಗಳಿಂದಾದುದು. ಮತ್ತೊಬ್ಬರೊಡನೆ ಕೂಡಿ ತಿಳಿದವನು, ಸಹಸಾಕ್ಷಿ ಎಂಬುದು ಅದರ ಅರ್ಥ. ಒಂದೇ ಸಂಗತಿಯನ್ನು ಇಬ್ಬರು ಅಥವಾ ಹಲವರು ಬಲ್ಲವರಾದಾಗ ಈ ಪದ ಸಲ್ಲುತ್ತದೆಂದು ಥಾಮಸ್ ಹಾಬ್ಸ್ 1651ರ ತನ್ನ ‘ಲೆವಿಯಾಥನ್’ ಗ್ರಂಥದಲ್ಲಿ ವಿವರಿಸಿದ್ದಾನೆ. ಅದೇ ಶತಮಾನದ ಕೊನೆಗೆ ಜಾನ್ ಲಾಕ್ ಇದರ ನಾಮರೂಪಕ್ಕೆ, ತನ್ನ ಮನಸ್ಸಿನಲ್ಲಿ ನಡೆಯುವುದನ್ನು ತಾನೇ ಕಾಣುವುದು ಎಂಬ ಅರ್ಥವನ್ನು ಕೊಟ್ಟನು. ಅಂತಸ್ಸಾಕ್ಷಿಯನ್ನು ಸೂಚಿಸುವ ಇಂಗ್ಲಿಷ್ ಪದವೂ ಇದೇ ಬೇರಿನದು; ಫ್ರೆಂಚರಲ್ಲಿಯಂತೂ ಅರಿವಿಗೂ ಅಂತಸ್ಸಾಕ್ಷಿಗೂ ಇಂದಿಗೂ ಒಂದೇ ಪದ. ಇಂಗ್ಲಿಷಿನಲ್ಲಿ ಇವೆರಡೂ ಬೇರೆಯಾದವು. ತಿಳಿವಳಿಕೆ ಒಂದು ಕಡೆಗೆ, ಧರ್ಮಾಧರ್ಮದ ಹೊಣೆ ಇನ್ನೊಂದು ಕಡೆಗೆ ಸರಿದವು.

ಈ ಅಗಲಿಕೆಯ ಫಲವಾಗಿ ಒಂದು ಸುಲಭವಾದ ಸಮಾಧಾನ ಹುಟ್ಟಿಕೊಂಡಿದೆ. ‘ನಾನು ಕಾನ್ಷಸ್ ಆಗಿ ಮಾಡಿದ್ದಲ್ಲ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಅರಿವಿಗೆ ಬಾರದ ಕೃತ್ಯಕ್ಕೆ ಹೊಣೆಯಿಲ್ಲವೆಂಬುದು ಇದರ ತಾತ್ಪರ್ಯ. ಈ ಮಾತನ್ನು ಜೈನಧರ್ಮವು ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದು ವಿಚಾರಾರ್ಹ.

ಅರಿತು ಮಾಡಿದ್ದಕ್ಕೂ ಅರಿಯದೆ ಮಾಡಿದ್ದಕ್ಕೂ ವ್ಯತ್ಯಾಸವೇ ಇಲ್ಲವೆಂದು ನಮ್ಮ ಆಚಾರ್ಯರು ಹೇಳಲಿಲ್ಲ. ಜ್ಞಾತಭಾವ, ಅಜ್ಞಾತಭಾವಗಳಿಗೆ ತಕ್ಕಂತೆ ಆಸ್ರವದಲ್ಲಿ ತರತಮವಿದೆಯೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ಆದರೆ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ‘ಅರಿತು’ ಎಂಬ ಪದವನ್ನಿಡದೆ, ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರವನ್ನು ಕಾರಣವಾಗಿ ಇಟ್ಟರು. ಈ ಆಯ್ಕೆಯಲ್ಲಿ ದೊಡ್ಡ ವಿವೇಕವಿದೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಈರ್ಯಾಸಮಿತಿಯಿಂದ ನಡೆಯುವ ಮುನಿಗಳ ಪಾದದಡಿಗೆ ಹಠಾತ್ತನೆ ಕೀಟವೊಂದು ಸಿಲುಕಿ ಸತ್ತರೂ ಅವರಿಗೆ ಹಿಂಸಾದೋಷವಿಲ್ಲ. ನೋಡದೆ ನಡೆದವನ ಕಾಲಿಗೆ ಒಂದು ಜೀವವೂ ಸಿಲುಕದಿದ್ದರೂ ಅವನು ದೋಷಿಯೇ. ಮೊದಲನೆಯವರಿಗೂ ಕೀಟ ಕಾಣಲಿಲ್ಲ, ಎರಡನೆಯವನಿಗೂ ಏನೂ ಕಾಣಲಿಲ್ಲ. ಭೇದವಿರುವುದು ನೋಡುವ ಯತ್ನದಲ್ಲಿ. ಆದ್ದರಿಂದ ‘ನಿನಗೆ ತಿಳಿದಿತ್ತೇ?’ ಎಂಬ ಪ್ರಶ್ನೆಗಿಂತ ‘ನೀನು ನೋಡಿದೆಯಾ?’ ಎಂಬ ಪ್ರಶ್ನೆಯೇ ನಮಗೆ ಮುಖ್ಯವಾದುದು. ಪ್ರತಿಕ್ರಮಣದಲ್ಲಿ ಅರಿತು ಮಾಡಿದ ದೋಷಗಳೊಡನೆ ಅರಿಯದೆ ಮಾಡಿದವನ್ನೂ ಸೇರಿಸಿ ಕ್ಷಮೆ ಬೇಡುವುದರ ಹಿನ್ನೆಲೆಯೂ ಇದೇ.

ಹಾಗಾದರೆ ಜಗತ್ತಿನಲ್ಲಿ ನಡೆಯುವುದನ್ನೆಲ್ಲ ಗೃಹಸ್ಥನು ತಿಳಿದಿರಬೇಕೇ ಎಂದು ಯಾರಾದರೂ ಕೇಳಬಹುದು. ಅದು ಅಸಾಧ್ಯ, ಶಾಸ್ತ್ರವೂ ಅದನ್ನು ವಿಧಿಸುವುದಿಲ್ಲ. ನಮ್ಮ ಹಣದಿಂದ, ನಮ್ಮ ಅಪ್ಪಣೆಯಿಂದ, ನಮ್ಮ ಅಂಗಳದಲ್ಲಿ ನಡೆಯುವುದನ್ನಾದರೂ ನೋಡಬೇಕಲ್ಲವೇ? ಬಸದಿಯ ಯಾತ್ರಿನಿವಾಸವೊಂದನ್ನು ಊಹಿಸಿಕೊಳ್ಳೋಣ. ಅಡುಗೆಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸುತ್ತಾರೆ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಾರೆ. ಹಿತ್ತಲಿನಲ್ಲಿ ಶೌಚದ ಗುಂಡಿ ತುಂಬಿದಾಗ ಮಾತ್ರ ಯಾರೋ ಗುತ್ತಿಗೆದಾರನನ್ನು ಕರೆಯಿಸಿ ಹಣ ಕೊಟ್ಟುಬಿಡುತ್ತಾರೆ. ಯಂತ್ರ ಬಂದಿತೋ, ಮನುಷ್ಯನೇ ಇಳಿದನೋ ಎಂದು ಯಾರೂ ವಿಚಾರಿಸುವುದಿಲ್ಲ. ಮುಚ್ಚಿದ ಗುಂಡಿಯಲ್ಲಿ ತುಂಬಿಕೊಂಡ ವಿಷವಾಯು ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲುದು; ಮೊದಲು ಇಳಿದವನನ್ನು ಎತ್ತಲು ಹೋದವನೂ ಸಾಯುವುದುಂಟು. ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಇಂತಹ ಗುಂಡಿಗಿಳಿಸುವುದನ್ನು 2013ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಇಂತಹ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.

ಪಂಚಸಮಿತಿಗಳಲ್ಲಿ ಕೊನೆಯದು ಉತ್ಸರ್ಗಸಮಿತಿ. ಶರೀರದ ಮಲವನ್ನು ಎಲ್ಲಿ ಬಿಡಬೇಕು, ಅಲ್ಲಿ ಯಾವ ಜೀವಕ್ಕೆ ಬಾಧೆಯಾದೀತು ಎಂದು ನೋಡುವುದು ಮುನಿಗಳ ಆಚಾರ. ಇರುವೆಯ ಮೇಲಿನ ಕರುಣೆಯಿಂದ ಹುಟ್ಟಿದ ಈ ನಿಯಮವನ್ನು ಓದಿದ ಸಮಾಜವು, ಅದೇ ಮಲದ ಗುಂಡಿಗೆ ಮನುಷ್ಯನೊಬ್ಬನು ಇಳಿಯುವಾಗ ‘ಅದು ನಮ್ಮ ಗಮನಕ್ಕೆ ಬಂದಿರಲಿಲ್ಲ’ ಎಂದರೆ ಆ ಮಾತು ಸಮಾಧಾನವನ್ನು ಕೊಡಲಾರದು. ಗಮನಕ್ಕೆ ಬಾರದಂತೆ ನೋಡಿಕೊಂಡದ್ದೇ ಅಲ್ಲಿ ಪ್ರಮಾದ.

ನಮ್ಮ ಟ್ರಸ್ಟಿನ ಕಾರ್ಯಕಾರಿ ಸಮಿತಿಗಳು ಗುತ್ತಿಗೆಯ ಕರಾರಿನಲ್ಲಿ ಯಂತ್ರದಿಂದಲೇ ಸ್ವಚ್ಛಗೊಳಿಸಬೇಕೆಂಬ ಒಂದು ವಾಕ್ಯವನ್ನು ಸೇರಿಸಬಹುದು. ಕೆಲಸ ನಡೆಯುವ ದಿನ ಸದಸ್ಯರೊಬ್ಬರು ಅಲ್ಲಿಯೇ ನಿಂತು ನೋಡಬಹುದು. ಮನೆಗಳಲ್ಲಿಯೂ ಹಿರಿಯರು ಇಷ್ಟನ್ನು ಮಾಡುವುದು ಕಷ್ಟವಲ್ಲ. ಹಾಗೆ ನಿಂತು ನೋಡಿದವರು, ದುಡಿಯುವವನಿಗೆ ತಿಳಿದಿರುವುದನ್ನು ತಾವೂ ಅವನೊಡನೆ ಕೂಡಿ ತಿಳಿದವರಾಗುತ್ತಾರೆ. ಆ ಹಳೆಯ ಲ್ಯಾಟಿನ್ ಪದ ಹೇಳುತ್ತಿದ್ದುದು ಇದನ್ನೇ. ನಮ್ಮ ಆಚಾರ್ಯರು ಇದನ್ನು ಅಪ್ರಮಾದವೆಂದು ಕರೆದು, ಅಹಿಂಸೆಯ ಬುಡದಲ್ಲಿಯೇ ಇಟ್ಟಿದ್ದಾರೆ.